ಸ್ವಿಂಡನ್‌ನಲ್ಲಿ ಯಾರು ಇಳಿಯುತ್ತಾರೆ?

ಲಂಡನ್‌ನಿಂದ ಬಾತ್ ಅನ್ನೋ ಪ್ರವಾಸಿ ಊರಿಗೆ ಹೋಗುವ ರೈಲು ಸ್ವಿಂಡನ್‌ನಲ್ಲಿ ನಿಲ್ಲುತ್ತದೆ. ಬಾತ್ ನೋಡೋಕೆ ಹೊರಟವರು ಅಲ್ಲಿ ಇಳಿಯುವುದಿಲ್ಲ. ಎರಡು ಲಕ್ಷದ ಆಸುಪಾಸು ಜನ ಇರುವ ಊರು, ಆದರೂ ಪಾಪ, ಅದರ ಹೆಸರೆತ್ತಿದರೆ ಇಂಗ್ಲಿಷರಿಗೇ ನಗು. ನನಗಂತೂ ಇಷ್ಟ. ಚೆಂದ ಕಾಣಬೇಕು ಅಂತ ಜಾಸ್ತಿ ಒದ್ದಾಡದೆ, ಇದ್ದದ್ದನ್ನೇ ಬಳಸಿಕೊಂಡು ಬೆಳೆದ ಊರು ಅದು.

1843ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಕಾರ್ಖಾನೆ ಶುರುವಾಗುವ ತನಕ ಗುಡ್ಡದ ಮೇಲಿನ ಸಣ್ಣ ಸಂತೆ ಊರಾಗಿತ್ತು. ಆಮೇಲೆ ಬೆಳೆದೇ ಬೆಳೆಯಿತು; ಒಂದು ಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಬ್ರಿಟಿಷ್ ರೈಲ್ವೆಯ ಕೊನೆಯ ಉಗಿ ಎಂಜಿನ್ ‘ಈವ್ನಿಂಗ್ ಸ್ಟಾರ್’ 1960ರಲ್ಲಿ ತಯಾರಾಗಿದ್ದು ಇಲ್ಲೇ. 1986ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆದರೆ ಆ ದಪ್ಪ ಇಟ್ಟಿಗೆ ಶೆಡ್ಡುಗಳನ್ನೆಲ್ಲ ಕೆಡವಿಹಾಕಲಿಲ್ಲ. 1997ರಿಂದ ಅಲ್ಲಿ ಡಿಸೈನರ್ ಔಟ್‌ಲೆಟ್ ಇದೆ, ಅಂದರೆ ದೊಡ್ಡ ಬ್ರ್ಯಾಂಡ್‌ಗಳ ಮಾಲು ಕಡಿಮೆ ಬೆಲೆಗೆ ಸಿಗುವ ಅಂಗಡಿಗಳ ಸಾಲು. ಅಪ್ಪಂದಿರು ಕಬ್ಬಿಣ ಬಡಿದ ಜಾಗದಲ್ಲಿ ಮಕ್ಕಳು ಸೇಲ್‌ಗೆ ಬಂದು ಶೂ ಹಾಕಿ ನೋಡುತ್ತಾರೆ. ಪಕ್ಕದಲ್ಲೇ ‘ಸ್ಟೀಮ್’ ಮ್ಯೂಸಿಯಂ. ಅಲ್ಲಿ ಎಂಜಿನ್ನಿನ ಅಡಿಗೇ ಇಳಿದು, ತಲೆ ಎತ್ತಿ ಅದರ ಹೊಟ್ಟೆ ನೋಡಬಹುದು. ಕಾರು ಕಾರ್ಖಾನೆಯೂ ಬಂತು, ಹೋಂಡಾದ್ದು. ಅದೂ 2021ರಲ್ಲಿ ಮುಚ್ಚಿತು.

ಇಷ್ಟಾದರೂ ಸ್ವಿಂಡನ್ ಅಂದ ಕೂಡಲೇ ಜನ ಕೇಳುವುದು ಮ್ಯಾಜಿಕ್ ರೌಂಡಬೌಟ್ ಅನ್ನೋ ಟ್ರಾಫಿಕ್ ವೃತ್ತದ ಬಗ್ಗೆ. 1972ರಲ್ಲಿ ಫುಟ್‌ಬಾಲ್ ಮೈದಾನದ ಹತ್ತಿರ ಮಾಡಿದ್ದು. ಐದು ರಸ್ತೆ ಸೇರುವಲ್ಲಿ ಐದು ಪುಟ್ಟ ವೃತ್ತ, ನಡುವೆ ಇನ್ನೊಂದು. ನಮ್ಮ ಹಾಗೇ ಎಡಗಡೆ ಗಾಡಿ ಓಡಿಸುವ ದೇಶ ಅಲ್ವಾ, ಪುಟ್ಟ ವೃತ್ತಗಳನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಾರೆ. ನಡುವಿನದನ್ನು ಮಾತ್ರ ಉಲ್ಟಾ! ಹೊರಗಿನ ದಾರಿಯಲ್ಲಿ ಸುತ್ತು ಹಾಕಿಕೊಂಡೂ ಹೋಗಬಹುದು, ಒಳಗೆ ನುಗ್ಗಿ ಬೇಗ ದಾಟಲೂಬಹುದು. ಬೋರ್ಡಿನ ಮೇಲಿನ ಚಿತ್ರ ನೋಡಿಯೇ ಹೊಸಬರ ಕಾಲು ಬ್ರೇಕಿಗೆ ಹೋಗುತ್ತದೆ. ಎಲ್ಲರೂ ಹೆದರಿ ನಿಧಾನ ಮಾಡುವುದರಿಂದಲೋ ಏನೋ, ನೋಡಿದಷ್ಟು ಭಯಂಕರವೇನೂ ಅಲ್ಲ. ಪ್ರತಿ ಪುಟ್ಟ ವೃತ್ತಕ್ಕೂ ನಿಯಮ ಒಂದೇ: ಬಲಗಡೆಯಿಂದ ಬರುವವರಿಗೆ ದಾರಿ ಬಿಡು, ಖಾಲಿ ಇದ್ದರೆ ಹೋಗು. ಇಡೀ ಚಿತ್ರ ಅರ್ಥ ಮಾಡಿಕೊಂಡೇ ಮುಂದೆ ಹೋಗ್ತೀನಿ ಅಂತ ಸುಮ್ನೆ ನಿಂತರೆ ಮಾತ್ರ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಅದೂ ಇಂಗ್ಲೆಂಡಿನಲ್ಲಿ!