ಬೆಂಗಳೂರಿನ ಸೈಟಿನ ಬೆಲೆ ಏರಿದರೆ ಆಸ್ಟ್ರೇಲಿಯಾದ ಪಿಂಚಣಿ ಇಳಿಯುತ್ತದೆ

ಇಲ್ಲಿ ಮೆಲ್ಬರ್ನ್‌ನಲ್ಲಿ ಅರವತ್ತೇಳರ ಹತ್ತಿರ ಬಂದ ಕನ್ನಡಿಗರು ನಾಲ್ಕು ಮಂದಿ ಸೇರಿದರೆ ಮಾತು ಏಜ್ ಪೆನ್ಶನ್, ಅಂದರೆ ಇಲ್ಲಿನ ಸರ್ಕಾರ ಕೊಡುವ ವೃದ್ಧಾಪ್ಯ ಪಿಂಚಣಿಯ ಕಡೆಗೇ ತಿರುಗುತ್ತದೆ. ಮನೆಯ ಬೆಲೆ ಇಷ್ಟು ಏರಿರುವಾಗ ಸರ್ಕಾರ ನಮಗೆ ಪಿಂಚಣಿ ಕೊಡುತ್ತದೆಯೇ ಎಂಬ ಆತಂಕ. ಈ ಆತಂಕಕ್ಕೆ ಕಾರಣವಿಲ್ಲ. ನೀವು ವಾಸವಿರುವ ಮನೆ, ಆಸ್ತಿ ನೋಡಿ ಪಿಂಚಣಿ ನಿರ್ಧರಿಸುವ ಆಸ್ತಿ ಪರೀಕ್ಷೆಯ ಲೆಕ್ಕಕ್ಕೇ ಬರುವುದಿಲ್ಲ. ಅದರ ಬೆಲೆ ಐದು ಲಕ್ಷ ಡಾಲರ್ ಇರಲಿ, ಮೂವತ್ತು ಲಕ್ಷ ಇರಲಿ, ಪಿಂಚಣಿ ನೀಡುವ ಸರ್ಕಾರಿ ಸಂಸ್ಥೆಯಾದ ಸೆಂಟರ್‌ಲಿಂಕ್‌ಗೆ ಎರಡೂ ಒಂದೇ. ಮನೆಗೆ ಸೇರಿದ ಜಮೀನು ಎರಡು ಹೆಕ್ಟೇರ್ ಮೀರಿದರೆ ಮಾತ್ರ ಬೇರೆ ನಿಯಮ.

ಪೆಟ್ಟು ಬೀಳುವುದು ಎರಡನೆಯ ಆಸ್ತಿಯಿಂದ. ಬಾಡಿಗೆಗೆ ಕೊಟ್ಟ ಯೂನಿಟ್, ಸಮುದ್ರದ ಬದಿಯ ಸಣ್ಣ ಮನೆ, ಮೈಸೂರಿನಲ್ಲಿ ಪಾಲಿಗೆ ಬಂದ ಮನೆ, ಬೆಂಗಳೂರಿನ ಖಾಲಿ ಸೈಟು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದೂ ನೋಂದಣಿ ಕಚೇರಿಯ ಮಾರ್ಗಸೂಚಿ ದರದಲ್ಲಲ್ಲ, ಇಂದು ಮಾರಿದರೆ ಬರುವ ಬೆಲೆಯಲ್ಲಿ.

ಲೆಕ್ಕ ಹಾಕಿ ನೋಡಿ. ಸ್ವಂತ ಮನೆಯಲ್ಲಿರುವ ದಂಪತಿಗೆ 2025ರ ಜುಲೈನಲ್ಲಿ ನಿಗದಿಯಾದ ಮಿತಿ 4,81,500 ಡಾಲರ್. ಅದರೊಳಗಿದ್ದರೆ ಆಸ್ತಿ ಪರೀಕ್ಷೆಯಲ್ಲಿ ಪೂರ್ಣ ಪಿಂಚಣಿಗೆ ಅಡ್ಡಿಯಿಲ್ಲ. ಸೂಪರ್ (ನಿವೃತ್ತಿಗೆಂದು ಕೂಡಿಟ್ಟ ನಿಧಿ), ಕಾರು, ಬ್ಯಾಂಕಿನ ಹಣ ಎಲ್ಲ ಸೇರಿ 4,20,000 ಇದೆ, ಊರಿನ ಸೈಟು 60,000 ಡಾಲರ್ ಬಾಳುತ್ತದೆ ಎಂದುಕೊಳ್ಳೋಣ. ಮಿತಿಯೊಳಗೇ ಇದ್ದಾರೆ. ಕೆಲವು ವರ್ಷಗಳಲ್ಲಿ ಅದೇ ಸೈಟಿನ ಬೆಲೆ 1,60,000ಕ್ಕೆ ಏರುತ್ತದೆ. ಮಿತಿಯೂ ಉಳಿತಾಯವೂ ಇದ್ದಲ್ಲೇ ಇವೆ ಎಂದಿಟ್ಟುಕೊಳ್ಳಿ. ಮಿತಿ ಮೀರಿದ ಪ್ರತಿ ಸಾವಿರ ಡಾಲರ್‌ಗೆ ಎರಡು ವಾರಕ್ಕೊಮ್ಮೆ ಬರುವ ಪಿಂಚಣಿಯಲ್ಲಿ ಮೂರು ಡಾಲರ್ ಕಡಿತ. ಅಂದರೆ ಪ್ರತಿ ಕಂತಿನಲ್ಲಿ 295 ಡಾಲರ್ 50 ಸೆಂಟ್, ವರ್ಷಕ್ಕೆ 7,683 ಡಾಲರ್ ಹೋಯಿತು. ಖಾಲಿ ಸೈಟು ಒಂದು ರೂಪಾಯಿಯನ್ನೂ ದುಡಿದು ಕೊಡುವುದಿಲ್ಲ, ಬದಲಿಗೆ ವರ್ಷ ವರ್ಷ ತೆರಿಗೆ ಕೇಳುತ್ತದೆ. ಕೈಗೆ ಬಾರದ ಬೆಲೆಗಾಗಿ ಕೈಯಲ್ಲಿದ್ದ ಹಣ ಹೋಗುವುದೆಂದರೆ ಇದೇ.

ಈ ಕಡಿತ ಮೊದಲು ಇಷ್ಟು ಕಠಿಣವಾಗಿರಲಿಲ್ಲ. 2017ರ ಜನವರಿ 1ರವರೆಗೆ ಸಾವಿರಕ್ಕೆ ಒಂದೂವರೆ ಡಾಲರ್ ಇತ್ತು; ಅಂದು ಅದನ್ನು ದುಪ್ಪಟ್ಟು ಮಾಡಿದರು. ಈಗಿನ ದರ ವರ್ಷಕ್ಕೆ ಶೇಕಡ 7.8 ಆಗುತ್ತದೆ. ಅಷ್ಟು ಆದಾಯವನ್ನು ಅಪಾಯವಿಲ್ಲದೆ ಕೊಡುವ ಯಾವ ಠೇವಣಿಯನ್ನು ಎಪ್ಪತ್ತರ ವಯಸ್ಸಿನವರು ಹುಡುಕಬೇಕು? ಈ ದರ ಅನ್ಯಾಯ ಎಂದೇ ನನ್ನ ಖಚಿತ ಅಭಿಪ್ರಾಯ.

ಇದಕ್ಕಿಂತ ದೊಡ್ಡ ಅನ್ಯಾಯ ಬಾಡಿಗೆ ಮನೆಯಲ್ಲಿರುವ ಹಿರಿಯರಿಗೆ ಆಗುತ್ತಿದೆ. ಅವರಿಗೆ ಮಿತಿ ಹೆಚ್ಚು, 2025ರ ಜುಲೈನ ಲೆಕ್ಕದಲ್ಲಿ ದಂಪತಿಗೆ 7,39,500 ಡಾಲರ್. ಸ್ವಂತ ಮನೆಯವರಿಗಿಂತ 2,58,000 ಹೆಚ್ಚು, ಅಷ್ಟೇ. ಸಿಡ್ನಿಯಲ್ಲಿ ಆ ಹಣಕ್ಕೆ ಯಾವ ಮನೆ ಸಿಗುತ್ತದೆ? ಮೂವತ್ತು ಲಕ್ಷದ ಮನೆಯಲ್ಲಿರುವವರಿಗೆ ಪೂರ್ಣ ಪಿಂಚಣಿ ಸಿಗಬಹುದು. ಮನೆಯೇ ಇಲ್ಲದೆ ಎಂಟು ಲಕ್ಷ ಕೂಡಿಟ್ಟು ಅದರಲ್ಲೇ ಬಾಡಿಗೆ ಕಟ್ಟುವವರಿಗೆ ಕಡಿತ. ಮನೆಯ ಬೆಲೆ ಏರಿದಷ್ಟೂ ಬಾಡಿಗೆಯೂ ಏರುತ್ತದೆ, ಇವರ ಸಂಕಟವೂ ಏರುತ್ತದೆ. ವಾಸದ ಮನೆಗೂ ಒಂದು ಎತ್ತರದ ಮಿತಿ ಇಟ್ಟು, ಅದರ ಮೇಲಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಉಳಿದ ಹಣದಲ್ಲಿ ಕಡಿತದ ದರ ಇಳಿಸಿ, ಬಾಡಿಗೆದಾರರ ಮಿತಿ ಏರಿಸಬೇಕು. ನನಗೂ ಇಲ್ಲಿ ಸ್ವಂತ ಮನೆಯಿದೆ. ಆದರೂ ಇದನ್ನೇ ಹೇಳುತ್ತೇನೆ. ಮನೆ ಮಾರಿ ಎಂದು ಯಾರನ್ನೂ ಬೀದಿಗೆ ತಳ್ಳಬೇಕಾಗಿಲ್ಲ. ಮನೆಯ ಆಧಾರದ ಮೇಲೆ ಸರ್ಕಾರವೇ ಎರಡು ವಾರಕ್ಕೊಮ್ಮೆ ಸಾಲ ಕೊಡುವ ಹೋಮ್ ಈಕ್ವಿಟಿ ಆಕ್ಸೆಸ್ ಸ್ಕೀಮ್ ಈಗಾಗಲೇ ಇದೆ. ಬಡ್ಡಿ ಶೇಕಡ 3.95, ತೀರಿಸುವುದು ಮನೆ ಮಾರಿದಾಗ ಅಥವಾ ಸಾಲಗಾರರು ತೀರಿಕೊಂಡ ನಂತರ. ಆದರೆ ಇದಕ್ಕೆ ಆಸ್ಟ್ರೇಲಿಯಾದಲ್ಲಿರುವ ಆಸ್ತಿಯೇ ಆಧಾರವಾಗಬೇಕು. ಪಿಂಚಣಿ ಕಡಿಯುವಾಗ ಲೆಕ್ಕಕ್ಕೆ ಬರುವ ಬೆಂಗಳೂರಿನ ಸೈಟು, ಸಾಲ ಕೇಳುವಾಗ ಲೆಕ್ಕಕ್ಕಿಲ್ಲ.

ನಮ್ಮವರಲ್ಲಿ ಕೆಲವರು ಊರಿನ ಆಸ್ತಿಯ ಸುದ್ದಿಯನ್ನೇ ಎತ್ತಬೇಡಿ ಎಂದು ಹಿರಿಯರಿಗೆ ಸಲಹೆ ಕೊಡುತ್ತಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಮುಚ್ಚಿಟ್ಟದ್ದು ಹೊರಬಂದರೆ ಹೆಚ್ಚಾಗಿ ಪಡೆದ ಹಣವನ್ನೆಲ್ಲ ಹಿಂದಿರುಗಿಸಬೇಕಾಗುತ್ತದೆ. ಮಗನ ಹೆಸರಿಗೆ ದಾನಪತ್ರ ಮಾಡಿಬಿಟ್ಟರೂ ಪಾರಾಗುವುದಿಲ್ಲ. ವರ್ಷಕ್ಕೆ ಹತ್ತು ಸಾವಿರ, ಐದು ವರ್ಷಕ್ಕೆ ಒಟ್ಟು ಮೂವತ್ತು ಸಾವಿರ ಡಾಲರ್ ಮೀರಿದ ದಾನ ಐದು ವರ್ಷ ನಿಮ್ಮ ಆಸ್ತಿಯೆಂದೇ ಎಣಿಕೆಯಾಗುತ್ತದೆ. ಸೈಟಿನ ಮೇಲೆ ಪಡೆದ ಸಾಲ ಉಳಿದಿದ್ದರೆ ಅದರ ಕಾಗದಪತ್ರ ಕೊಡಿ, ಬೆಲೆಯಿಂದ ಅದನ್ನು ಕಳೆಯುತ್ತಾರೆ. ಒಡಹುಟ್ಟಿದವರೊಂದಿಗೆ ಜಂಟಿಯಾಗಿದ್ದರೆ ನಿಮ್ಮ ಪಾಲನ್ನಷ್ಟೇ ತೋರಿಸಿ. ಮಾರಲು ನಿಜವಾಗಿಯೂ ಸಾಧ್ಯವಿಲ್ಲದಿದ್ದರೆ ಸಂಕಷ್ಟದ ನಿಯಮದಡಿ ಅರ್ಜಿ ಹಾಕಬಹುದು. ಷರತ್ತುಗಳು ಬಿಗಿಯಾಗಿವೆ, ಆದರೂ ಕೇಳಿ ನೋಡಿ.