ಜಾರುಬಂಡಿಯೂ ಹವಾಯಿ ಚಪ್ಪಲಿಯೂ

ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಬೈಕಿನಲ್ಲಿ ಹೊರಟರೆ ದೇವಿಮನೆ ಘಟ್ಟ ಬರುವಷ್ಟರಲ್ಲಿ ನನ್ನ ಸೊಂಟ ಮುಷ್ಕರ ಹೂಡುತ್ತಿತ್ತು. ತಪ್ಪು ಸೀಟಿನದೇ ಎಂದು ತೀರ್ಮಾನಿಸಿದೆ. ನನ್ನ ತೂಕದ ಮಾತು ಯಾರೂ ಎತ್ತಲಿಲ್ಲ, ಪುಣ್ಯ.

ಮೇ ತಿಂಗಳಲ್ಲಿ ಆನ್‌ಲೈನಿನಲ್ಲಿ ಒಂದು 'ಟೂರಿಂಗ್ ಸೀಟು' ತರಿಸಿದೆ. ಬೆರಳಲ್ಲಿ ಒತ್ತಿದರೆ ಅರ್ಧ ಬೆರಳು ಒಳಗೇ ಹೋಗುವಷ್ಟು ಮೆತ್ತಗೆ! ಅಲ್ಲೇ ಮೋಸ ಹೋಗಿದ್ದು. ಮೆತ್ತನೆ ಫೋಮು ಮೊದಲ ಹತ್ತು ಕಿಲೋಮೀಟರಿಗೆ ಮಾತ್ರ ಮಾವನ ಮನೆ. ಆಮೇಲೆ ಪೂರ್ತಿ ಕುಸಿದು, ಮೂಳೆ ನೇರ ಅಡಿಯ ಪ್ಲಾಸ್ಟಿಕ್ ತಟ್ಟೆಗೆ ತಾಗುತ್ತದೆ. ದೂರ ಹೋಗುವವರಿಗೆ ಫೋಮು ಬಕ್ಕೆ ಹಲಸಿನ ತೊಳೆಯಂತೆ ಗಟ್ಟಿ ಇರಬೇಕು. ಇದು ನನಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ.

ಅದೂ ಸಾಲದೆಂದು ಸೀಟು ಮುಂದಕ್ಕೆ ವಾಲಿತ್ತು. ಘಟ್ಟ ಇಳಿಯುವಾಗ ಪ್ರತಿ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಸಾಕು, ನಾನು ಸೀದಾ ಟ್ಯಾಂಕಿಗೆ. ಎಲ್ಲಿ ತಾಗಿತು ಎಂದು ಬಿಡಿಸಿ ಹೇಳುವುದು ಬೇಡ ಅಲ್ವಾ?

ಗ್ಯಾರೇಜಿನ ಹುಡುಗ ನೋಡಿದ. "ಹೆಗಡೇರೆ, ಇದು ಸೀಟಲ್ಲ, ಜಾರುಬಂಡಿ. ಸೀಟಿನ ತಳದಲ್ಲಿ ಮುಂದಿರುವ ರಬ್ಬರ್ ಬುಷ್ ಅಡಿಗೆ ಎರಡು ವಾಷರ್ ಕೊಟ್ಟು ಎತ್ತರಿಸಿ, ಸಾಕು" ಎಂದ.

ಎರಡು ವಾಷರಿಗೆ ಅವನನ್ನೇಕೆ ಕಾಯಬೇಕು? ಮನೆಯಲ್ಲಿ ನಾನೇ ಸ್ಪ್ಯಾನರ್ ಹಿಡಿದೆ. ವಾಷರ್ ಸಿಗಲಿಲ್ಲ. ಹಳೆ ಹವಾಯಿ ಚಪ್ಪಲಿ ಸಿಕ್ಕಿತು. ಹಿಮ್ಮಡಿಯ ಕಡೆಯಿಂದ ನಾಲ್ಕು ಬಿಲ್ಲೆ ಕತ್ತರಿಸಿ, ಎರಡೆರಡು ಒಂದರ ಮೇಲೊಂದು ಇಟ್ಟೆ. ಮುಂದೆ ಎತ್ತಿದ್ದಕ್ಕೆ ಹಿಂದಿನ ಬೋಲ್ಟು ತೂತಿಗೆ ಕೂರಲೊಲ್ಲದು. ಮೊಣಕಾಲಲ್ಲಿ ಒತ್ತಿ ಹಿಡಿದು ಹೇಗೋ ತಿರುಗಿಸಿದೆ. ಒಂದು ಬಿಲ್ಲೆಯ ಮೇಲೆ ಬ್ರ್ಯಾಂಡಿನ ಹೆಸರು ಇನ್ನೂ ನೀಲಿಯಾಗಿ ಕಾಣುತ್ತಿತ್ತು.

ಇಳಿಯುವಾಗ ಜಾರುವುದು ನಿಂತಿತು, ನಿಜ. ಆದರೆ ವಾಪಸ್ ಬರುವಾಗ ಘಟ್ಟ ಹತ್ತಬೇಕಲ್ಲ! ಈಗ ಜಾರಿದ್ದು ಹಿಂದಕ್ಕೆ, ಹೆಂಡತಿಯ ಮೇಲೆ. ಅವಳು ಕೆಳಗೆ ಬೀಳುವ ಭಯಕ್ಕೆ ನನ್ನ ಅಂಗಿಯ ಕಾಲರ್ ಹಿಡಿದಳು. ಬಂಡಲ ಊರು ಬರುವವರೆಗೆ ನಾನು ಉಸಿರಾಡಿದ್ದೇ ಕಡಿಮೆ. ಮುಂದಿನ ವಾರದಿಂದ ಅವಳು ಬಸ್ಸು.

ಆಮೇಲೆ ಬಂತು ಮಳೆಗಾಲ. ಸೀಟಿನ ಅಂದದ ಕೆಂಪು ಹೊಲಿಗೆಯ ಒಂದೊಂದು ತೂತಿನಲ್ಲೂ ನೀರು ಇಳಿದು, ಫೋಮು ಸ್ಪಂಜಾಯಿತು. ಬಿಸಿಲು ಬಂದರೂ ಕೂತ ಕೂಡಲೇ ಪಿಚಕ್ಕೆಂದು ಹೊರಗೆ ಬರುತ್ತಿತ್ತು. ಆಫೀಸಿನಲ್ಲಿ ನನ್ನ ಕುರ್ಚಿಗೆ ಹಳೆ ಪೇಪರ್ ಹಾಸತೊಡಗಿದರು. ಸೀಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿದೆ. ನೀರು ನಿಂತಿತು, ಜಾರುವುದು ಡಬಲ್ ಆಯಿತು.

ದೀಪಾವಳಿ ಕಳೆದ ಮೇಲೆ ಸೋಲೊಪ್ಪಿ, ಹಳೆ ಸೀಟು ಹುಡುಕಲು ಅಟ್ಟ ಹತ್ತಿದೆ. ಇರಲಿಲ್ಲ. ಕೆಳಗೆ ಆಯಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದಳು, ನನ್ನ ಸೀಟಿನ ಮೇಲೆ ಕೂತು.

"ಆಯಿ, ಅದು ಬೇಕಿತ್ತು."

"ನಾಲ್ಕು ತಾಸು ಕೂತರೂ ಸೊಂಟ ನೋಯ್ತಿಲ್ಲೆ ತಮಾ" ಎಂದಳು, ಏಳದೆ. "ಹೊಸತು ತರ್ಸಿದ್ಯಲಾ, ಅದು ಎಂತಾತು?"