ಕಾಯಿಲೆ ಹೊಟ್ಟೆಗೆ, ಯಂತ್ರವೆಲ್ಲ ಎದೆಗೆ

ನಿನ್ನೆ ಸಂಜೆ ಇಲ್ಲೇ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ನವಜಾತ ಶಿಶುಗಳ ಐಸಿಯುವಿನ ಗಾಜಿನಾಚೆ ನಿಂತು ತಂಗಿಯ ಮೊಮ್ಮಗಳನ್ನು ನೋಡಿ ಬಂದಾಗ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟು ವೈದ್ಯರ ಮೇಲಲ್ಲ, ದಾದಿಯರ ಮೇಲಂತೂ ಅಲ್ಲವೇ ಅಲ್ಲ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡ ನನ್ನಂಥವರ ಕಸುಬಿನ ಮೇಲೆ.

ಮಗುವಿಗಿರುವುದು ಗ್ಯಾಸ್ಟ್ರೋಸ್ಕೈಸಿಸ್. ಹುಟ್ಟುವಾಗಲೇ ಹೊಕ್ಕುಳ ಪಕ್ಕದ ಸೀಳಿನಿಂದ ಕರುಳು ಹೊರಗೆ ಬಂದಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಒಳಗೆ ಸೇರಿಸಿದ್ದಾರೆ, ಆದರೆ ಇಂಥ ಮಕ್ಕಳ ಹೊಟ್ಟೆಯ ಚಲನೆ ಹದಕ್ಕೆ ಬರಲು ವಾರಗಳೇ ಹಿಡಿಯಬಹುದು. ಅದರ ಎದೆಬಡಿತ, ಉಸಿರು, ರಕ್ತದ ಆಮ್ಲಜನಕ ಎಲ್ಲವೂ ಮಾನಿಟರಿನ ಮೇಲೆ ಕ್ಷಣಕ್ಷಣಕ್ಕೂ ಓಡುತ್ತಿವೆ. ಕೆಟ್ಟಿರುವ ಹೊಟ್ಟೆಗೆ ಮಾತ್ರ ಸುತ್ತಳತೆಯ ಟೇಪು, ಸ್ಟೆತಾಸ್ಕೋಪು, ಮತ್ತು ಹೊಟ್ಟೆಗಿಳಿಸಿದ ನಳಿಕೆಯಲ್ಲಿ ಹೊರಬಂದದ್ದು ಹಸಿರೋ ಬಿಳಿಯೋ ಎಂದು ನೋಡುವ ದಾದಿಯ ಕಣ್ಣು! ಈ ಊರಿನಲ್ಲಿ ದೋಸೆ ತರುವ ಹುಡುಗ ಯಾವ ಸಿಗ್ನಲ್ಲಿನಲ್ಲಿ ನಿಂತಿದ್ದಾನೆಂಬುದನ್ನು ಫೋನು ತೋರಿಸುತ್ತದೆ.

"ಹಾಲು ಯಾವಾಗ ಶುರು ಮಾಡ್ತಾರಂತೆ ಅಣ್ಣಾ?" ಎಂದು ತಂಗಿ ಕೇಳಿದಳು. ಬೇಗ ಕೊಟ್ಟರೆ ವಾಂತಿ, ಹೊಟ್ಟೆಯುಬ್ಬರ. ತಡಮಾಡಿದರೆ ರಕ್ತನಾಳದ ಮೂಲಕ ಕೊಡುವ ಪೋಷಣೆಯೇ ಗತಿ, ಅದು ದೀರ್ಘವಾದರೆ ಯಕೃತ್ತಿಗೆ ಪೆಟ್ಟು, ಸೋಂಕಿನ ಭಯ. ಇಷ್ಟು ದೊಡ್ಡ ತೀರ್ಮಾನಕ್ಕೆ ಆಧಾರ ಇಷ್ಟು ಸಣ್ಣದು.

ಜಠರವೇನೂ ಮೂಕವಲ್ಲ. ಅದರ ಗೋಡೆಯಲ್ಲಿರುವ ಕಾಹಾಲ್ ಕೋಶಗಳು ವಿದ್ಯುತ್ತಿನ ನಿಧಾನ ಅಲೆಗಳನ್ನು ಎಬ್ಬಿಸುತ್ತವೆ. ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 3. ಹೊಟ್ಟೆಯ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಸೂಜಿ ಚುಚ್ಚದೆ, ಇವನ್ನು ಹಿಡಿಯಬಹುದೆಂದು ಅಮೆರಿಕದ ವೈದ್ಯ ವಾಲ್ಟರ್ ಅಲ್ವಾರೆಜ್ 1922ರಲ್ಲೇ ಪ್ರಕಟಿಸಿದ್ದರು. ಎದೆಯ ಇಸಿಜಿಗಾಗಿ ಡಚ್ ವಿಜ್ಞಾನಿ ಐಂತೋವನ್ನರಿಗೆ ನೊಬೆಲ್ ಬಂದದ್ದು 1924ರಲ್ಲಿ. ಎರಡೂ ಹೆಚ್ಚುಕಡಿಮೆ ಒಂದೇ ತಲೆಮಾರಿನವು; ಒಂದು ಪ್ರತಿ ಹಾಸಿಗೆಯ ಪಕ್ಕಕ್ಕೆ ಬಂತು, ಇನ್ನೊಂದು ಬಹುಮಟ್ಟಿಗೆ ಸಂಶೋಧನಾಲಯದಲ್ಲೇ ಉಳಿಯಿತು.

ಜಠರದ ಸಂಕೇತ ಬಲು ಕ್ಷೀಣ, ಮಗು ಅತ್ತರೆ ಮಿಸುಕಿದರೆ ಕಲಸಿಹೋಗುತ್ತದೆ, ಅಲೆ ಕಂಡ ಮಾತ್ರಕ್ಕೆ ಜಠರ ಖಾಲಿಯಾಗುತ್ತಿದೆ ಎಂದರ್ಥವಲ್ಲ ಎಂದು ತಿಳಿದವರು ಹೇಳುತ್ತಾರೆ. ಎಲ್ಲವೂ ನಿಜ. ಮಗು ಕಾಲಾಡಿಸಿದರೆ ಪಲ್ಸ್ ಆಕ್ಸಿಮೀಟರೂ ಸುಳ್ಳು ಹೇಳುತ್ತಿದ್ದ ಕಾಲವಿತ್ತು. ಅದನ್ನು ಯಾರೂ ಕಪಾಟಿನಲ್ಲಿಡಲಿಲ್ಲ, ಕೂತು ಸರಿಮಾಡಿದರು. ಹೊಟ್ಟೆಯ ಮಟ್ಟಿಗೆ ಮಾತ್ರ "ಕಷ್ಟ ಸಾರ್" ಎಂಬುದೇ ವಿಜ್ಞಾನವಾಗಿಬಿಟ್ಟಿದೆ. ಅಲೆಗಳ ಲಯ ತಪ್ಪುವುದಕ್ಕೂ ಹಾಲು ಜೀರ್ಣವಾಗದಿರುವುದಕ್ಕೂ ಇರುವ ಸಂಬಂಧವನ್ನು ಇಂಥ ಶಿಶುಗಳಲ್ಲಿಯೇ ಅಳೆದು ನೋಡದೆ, ಉಪಯೋಗವಿಲ್ಲವೆಂದು ಹೇಳುವುದಾದರೂ ಹೇಗೆ?

ಹೊಸ ಮಾನಿಟರ್ ಮಾರಲು ಬರುವ ಪ್ರತಿನಿಧಿಗಳಿಗೆ ಇನ್ನು ನನ್ನ ಮೊದಲ ಪ್ರಶ್ನೆ, ಹೊಟ್ಟೆಯ ಚಾನೆಲ್ ಎಲ್ಲಿದೆ ಎಂಬುದೇ. ಟಚ್‌ಸ್ಕ್ರೀನಿನ ಪುರಾಣವನ್ನು ಆಮೇಲೆ ಕೇಳೋಣ.